ಸೂರ್ಯನಿಗೆ ಒಂಬತ್ತು ರನ್: ಒಂದು ಟೆನಿಸ್ ಬಾಲ್ ಟೂರ್ನಿ ನಿಯಮ ಬದಲಿಸಿಕೊಂಡ ಬಗೆ

ಕೊಪ್ಪಳ ಜಿಲ್ಲೆಯ ನೀರಾವರಿ ಭಾಗದ ಒಂದು ದೊಡ್ಡ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ರಸ್ತೆಯುದ್ದಕ್ಕೂ ರೈಸ್ ಮಿಲ್ಲು, ಸುತ್ತ ನಾಲ್ಕೈದು ಕ್ಯಾಂಪು, ಅಂದರೆ ನೀರಾವರಿ ಬಂದ ಮೇಲೆ ಹೊರಗಿನಿಂದ ಬಂದ ರೈತರು ನೆಲೆಸಿದ ಊರುಗಳು. ಬೇಸಿಗೆ ಬೆಳೆ ಕೊಯ್ಲಾಗಿ ಶಾಲೆಗೆ ರಜೆ ಬಿದ್ದ ಮೇಲೆ ಸರ್ಕಾರಿ ಹೈಸ್ಕೂಲ್ ಮೈದಾನದಲ್ಲಿ ಹಾರ್ಡ್ ಟೆನಿಸ್ ಬಾಲಿನ ಕ್ರಿಕೆಟ್ ಟೂರ್ನಿ ನಡೆಯುತ್ತದೆ. ಊರಿನ ಓಣಿಗೊಂದು ತಂಡ, ಕ್ಯಾಂಪಿಗೊಂದು ತಂಡ, ಪಕ್ಕದ ಹಳ್ಳಿಗಳದ್ದೂ ಸೇರಿ ತಿಂಗಳುಗಟ್ಟಲೆ ಆಟ.

ಈ ಟೂರ್ನಿ ಎರಡು ಬೇಸಿಗೆಗಳಲ್ಲಿ ತನ್ನ ನಿಯಮಗಳನ್ನು ಕೈಯಾರೆ ಬದಲಿಸಿಕೊಂಡಿತು. ಕೆಲವು ಬದಲಾವಣೆ ಮೂರನೇ ದಿನಕ್ಕೇ ಬಿದ್ದವು, ಕೆಲವು ಈಗಲೂ ಉಳಿದಿವೆ. ನಾನು ಸ್ಕೋರ್ ಮೇಜಿನಲ್ಲಿ ಕೂರುತ್ತಿದ್ದೆ, ಕಮಿಟಿ ಸಭೆಗಳ ನಡಾವಳಿಯನ್ನೂ ಬರೆಯುತ್ತಿದ್ದೆ. ಊರಿನ, ತಂಡಗಳ, ಜನರ ಹೆಸರು ಇಲ್ಲಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಕ್ರಿಕೆಟ್ ಮುಂದೆ ಹೇಗಿರಬೇಕು ಎಂದು ಟಿವಿ ಮುಂದೆ ಕೂತು ವಾದಿಸುವವರು ಬಹಳ ಮಂದಿ. ಆ ವಾದವನ್ನು ಸುಣ್ಣದ ಗೆರೆಯೊಳಗೆ ತಂದು ಪರೀಕ್ಷಿಸಿದ ಊರುಗಳು ಕಡಿಮೆ. ಅದಕ್ಕಾಗಿ ಈ ದಾಖಲೆ.

ಹಿನ್ನೆಲೆ

ಮೊದಲಿನ ನಿಯಮ ಎಲ್ಲ ಕಡೆ ಇರುವಂಥದ್ದೇ. ಎಂಟು ಓವರ್, ಒಬ್ಬ ಬೌಲರ್‌ಗೆ ಹೆಚ್ಚೆಂದರೆ ಎರಡು ಓವರ್, ಎಲ್‌ಬಿಡಬ್ಲ್ಯು (ಸ್ಟಂಪಿಗೆ ಹೋಗುವ ಚೆಂಡು ಕಾಲಿಗೆ ತಾಗಿದರೆ ಔಟ್) ಇಲ್ಲ, ಟಾಸ್ ಗೆದ್ದವರ ಇಷ್ಟ. ತಂಡದಲ್ಲಿ ಹೊರಗಿನ ಆಟಗಾರರು ಮೂವರಿರಬಹುದು.

ಈ ಮೂವರಲ್ಲೇ ಮೊದಲ ತೊಂದರೆ ಇತ್ತು. ದುಡ್ಡಿರುವ ತಂಡಗಳು ಬೇರೆ ತಾಲ್ಲೂಕಿನಿಂದ, ಕೆಲವೊಮ್ಮೆ ಬೇರೆ ಜಿಲ್ಲೆಯಿಂದ, ಮ್ಯಾಚಿಗಿಷ್ಟು ಎಂದು ಮಾತಾಡಿ ಆಟಗಾರರನ್ನು ಕರೆಸುತ್ತಿದ್ದವು. ಮೂವರೂ ಎರಡೆರಡು ಓವರ್ ಹಾಕಿದರೆ ಎಂಟರಲ್ಲಿ ಆರು ಓವರ್ ಮುಗಿಯಿತು. ಬ್ಯಾಟಿಂಗಿಗೂ ಮೊದಲು ಅವರೇ ಇಳಿಯುತ್ತಿದ್ದರು. ಎಂಟು ಓವರಿನ ಆಟದಲ್ಲಿ ನಾಲ್ಕನೆಯವನಿಗೆ ಪ್ಯಾಡ್ ಕಟ್ಟುವ ಕೆಲಸವೇ ಬರುತ್ತಿರಲಿಲ್ಲ. ಉಳಿದ ಎಂಟು ಜನ ಊರಿನ ಹುಡುಗರು. ಅವರ ಪಾಲಿಗೆ ಎಂಟ್ರಿ ಫೀಗೆ ಚಂದಾ ಕೊಡುವುದು, ಬಿಸಿಲಲ್ಲಿ ನಿಂತು ಚೆಂಡು ಹೆಕ್ಕುವುದು. ಒಂದು ಓಣಿಯ ತಂಡ ಆ ವರ್ಷ ಹೆಸರೇ ಕೊಡಲಿಲ್ಲ. ಯಾಕೆ ಅಂತ ಕೇಳಿದರೆ ಅವರ ಕ್ಯಾಪ್ಟನ್ ಹೇಳಿದ್ದು: "ನಮ್ಮ ಹುಡುಗ್ರು ಆಡೂದಿಲ್ಲ ಅಂದಮ್ಯಾಲ ನಾವ್ಯಾಕ ರೊಕ್ಕ ಕೊಡಬೇಕ್ರೀ ಸರ?"

ಎರಡನೆಯ ತೊಂದರೆ ಮೈದಾನದ್ದು. ಉತ್ತರಕ್ಕೆ ಶಾಲೆಯ ಕೋಣೆಗಳು, ದಕ್ಷಿಣಕ್ಕೆ ರಸ್ತೆ. ಜಾಗ ಉದ್ದವಾಗಿರುವುದು ಪೂರ್ವ ಪಶ್ಚಿಮಕ್ಕೆ. ಹಾಗಾಗಿ ಪಿಚ್ ಕೂಡ ಪೂರ್ವ ಪಶ್ಚಿಮವೇ. ಮೇ ತಿಂಗಳಲ್ಲಿ ಇಲ್ಲಿ ಹಗಲು ನಲವತ್ತು ಡಿಗ್ರಿ ದಾಟುವುದರಿಂದ ಆಟ ನಡೆಯುವುದು ಬೆಳಿಗ್ಗೆ ಹತ್ತರೊಳಗೆ, ಇಲ್ಲವೇ ಸಂಜೆ ಐದರ ಮೇಲೆ. ಲೈಟ್ ಇಲ್ಲ. ಸಂಜೆಯ ಮುಖ್ಯ ಪಂದ್ಯದ ಎರಡನೇ ಇನಿಂಗ್ಸ್ ಶುರುವಾಗುವ ಹೊತ್ತಿಗೆ ಸೂರ್ಯ ಸರಿಯಾಗಿ ಪಶ್ಚಿಮದ ಸ್ಟಂಪಿನ ನೇರಕ್ಕೆ ಇಳಿದಿರುತ್ತಾನೆ. ಪೂರ್ವದ ತುದಿಯಲ್ಲಿ ನಿಂತ ಬ್ಯಾಟ್ಸ್‌ಮನ್‌ಗೆ ಬೌಲರ್ ಕಪ್ಪು ನೆರಳಿನಂತೆ ಕಾಣುತ್ತಾನೆ, ಕೈಯಿಂದ ಬಿಟ್ಟ ಚೆಂಡು ಕಾಣುವುದೇ ಇಲ್ಲ. ಟಾಸ್ ಗೆದ್ದವರು ಯೋಚನೆ ಕೂಡ ಮಾಡದೆ "ಬ್ಯಾಟಿಂಗ್" ಅನ್ನುತ್ತಿದ್ದರು.

ಇದು ಹಳ್ಳಿ ಮೈದಾನದ ರೋಗ ಮಾತ್ರವೇ ಅಂದರೆ, ಅಲ್ಲ. 2019ರ ಜನವರಿಯಲ್ಲಿ ನ್ಯೂಜಿಲೆಂಡಿನ ನೇಪಿಯರ್‌ನಲ್ಲಿ ಭಾರತದ ಏಕದಿನ ಪಂದ್ಯವನ್ನು ಇದೇ ಕಾರಣಕ್ಕೆ ನಿಲ್ಲಿಸಿದ್ದರು. ಅಲ್ಲಿಯೂ ಪಿಚ್ ಪೂರ್ವ ಪಶ್ಚಿಮ. ಮುಳುಗುವ ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದಾನೆ ಎಂದು ಅಂಪೈರ್‌ಗಳು ಅರ್ಧ ಗಂಟೆ ಆಟ ತಡೆದರು. ಭಾರತದ ಗುರಿ 49 ಓವರಿಗೆ 156 ಎಂದಾಯಿತು. ಅಲ್ಲಿ ಕಾಯಲು ಲೈಟ್ ಇತ್ತು. ನಮ್ಮಲ್ಲಿ ಅರ್ಧ ಗಂಟೆ ಕಾದರೆ ಕತ್ತಲು.

ಒಂದು ವರ್ಷದ ಸೆಮಿಫೈನಲ್‌ನಲ್ಲಿ ಈ ವಿಷಯ ಕೈಕೈ ಮಿಲಾಯಿಸುವವರೆಗೆ ಹೋಯಿತು. ಸೋತ ತಂಡದವರು ಸ್ಟಂಪು ಕಿತ್ತುಕೊಂಡು ಹೋದರು. ಮುಂದಿನ ಬೇಸಿಗೆಗೆ ಮೊದಲು ಕಮಿಟಿ ಎಲ್ಲ ಕ್ಯಾಪ್ಟನ್‌ಗಳನ್ನು ಕರೆದು ಕೂತಿತು.

ಒಂದೇ ತುದಿಯಿಂದ ಬೌಲಿಂಗ್

ಮೊದಲ ಸಲಹೆ ದೈಹಿಕ ಶಿಕ್ಷಕರದ್ದು: ಎಂಟೂ ಓವರ್ ಪೂರ್ವದ ತುದಿಯಿಂದಲೇ ಹಾಕಿಸೋಣ. ಬ್ಯಾಟ್ಸ್‌ಮನ್ ಪೂರ್ವಕ್ಕೆ ಮುಖ ಮಾಡುತ್ತಾನೆ, ಸೂರ್ಯ ಅವನ ಬೆನ್ನಿಗಿರುತ್ತಾನೆ. ಓವರ್ ಮುಗಿದಾಗಲೆಲ್ಲ ಫೀಲ್ಡರ್‌ಗಳು ಆ ತುದಿಗೆ ಈ ತುದಿಗೆ ನಡೆಯುವುದೂ ತಪ್ಪುತ್ತದೆ. ಇಂಗ್ಲೆಂಡಿನಲ್ಲಿ 2021ರಲ್ಲಿ ಶುರುವಾದ ದಿ ಹಂಡ್ರೆಡ್‌ನಲ್ಲಿ ಹತ್ತು ಎಸೆತ ಆಗುವವರೆಗೆ ತುದಿ ಬದಲಿಸುವುದಿಲ್ಲ. ಅದನ್ನೇ ಇನ್ನಷ್ಟು ಎಳೆದಂತೆ.

ಕಾಗದದ ಮೇಲೆ ಇದು ಚೆನ್ನಾಗಿಯೇ ಇತ್ತು, ಸಮಯವೂ ನಿಜವಾಗಿ ಉಳಿಯಿತು. ಆದರೆ ಬ್ಯಾಟ್ಸ್‌ಮನ್‌ನ ಕಣ್ಣಿಗೆ ಹೊಡೆಯುತ್ತಿದ್ದ ಬಿಸಿಲು ಈಗ ಬೌಲರ್‌ನ ಹಿಂದೆ ಗಡಿಯ ಹತ್ತಿರ ನಿಲ್ಲುವ ಲಾಂಗ್ ಆನ್, ಲಾಂಗ್ ಆಫ್ ಫೀಲ್ಡರ್‌ಗಳ ಕಣ್ಣಿಗೆ ಹೊಡೆಯತೊಡಗಿತು. ಟೆನಿಸ್ ಬಾಲಿನಲ್ಲಿ ಎತ್ತಿ ಹೊಡೆದ ಚೆಂಡು ಹೆಚ್ಚಾಗಿ ಹೋಗುವುದು ಆ ಕಡೆಗೇ. ಕ್ಯಾಚುಗಳು ಒಂದರ ಹಿಂದೊಂದು ನೆಲಕ್ಕೆ ಬಿದ್ದವು. ಒಬ್ಬ ಹುಡುಗನ ಹುಬ್ಬಿಗೇ ಚೆಂಡು ಬಡಿದು ಊದಿಕೊಂಡಿತು. ಬೌಲರ್ ಬೆನ್ನಿಗೆ ನಿಂತ ಅಂಪೈರ್‌ಗೂ ಬ್ಯಾಟಿನ ಅಂಚು ಕಾಣದಾಯಿತು. ಎರಡನೇ ಇನಿಂಗ್ಸ್‌ನಲ್ಲಿ ಬ್ಯಾಟ್ ಮಾಡುವವರಿಗೆ ಈಗ ಉಲ್ಟಾ ಲಾಭ; ಟಾಸ್ ಗೆದ್ದವರು ಅಷ್ಟೇ ನಿಶ್ಚಿಂತೆಯಿಂದ "ಫೀಲ್ಡಿಂಗ್" ಅನ್ನತೊಡಗಿದರು. ಅನ್ಯಾಯ ಜಾಗ ಬದಲಿಸಿತ್ತೇ ಹೊರತು ಕಡಿಮೆಯಾಗಿರಲಿಲ್ಲ. ಮೊದಲ ವಾರ ಮುಗಿಯುವ ಮುನ್ನ ಅದನ್ನು ಕೈಬಿಟ್ಟರು.

ಪಾಲು ಹಾಕುವವ, ಆರಿಸುವವ

ತಿರುವು ಬಂದದ್ದು ಕಮಿಟಿಯಿಂದಲ್ಲ. ಸಭೆ ನಡೆಯುತ್ತಿದ್ದ ಶಾಲೆಯ ಕಟ್ಟೆಯ ಮೇಲೆ ಊರಿನ ಹಿರಿಯ ರೈತರೊಬ್ಬರು ಕೂತಿದ್ದರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ. ಕ್ರಿಕೆಟ್ ಆಡಿದವರಲ್ಲ, ಆದರೆ ದಿನಾ ನೋಡುತ್ತಾರೆ. ಟಾಸ್ ತೆಗೆದುಹಾಕಬೇಕೋ ಬೇಡವೋ ಎಂದು ಗದ್ದಲ ನಡೆದಿದ್ದಾಗ ಅವರು ಕೇಳಿದರು:

"ಅಣ್ಣ ತಮ್ಮ ಹೊಲ ಪಾಲು ಮಾಡ್ಕೊಳ್ಳೂವಾಗ ಹೆಂಗ ಮಾಡ್ತಾರಪಾ? ಒಬ್ಬಾವ ಪಾಲು ಹಾಕ್ತಾನ, ಇನ್ನೊಬ್ಬಾವ ಆರಿಸ್ಕೊಂತಾನ. ಪಾಲು ಹಾಕಿದಾವ ಯಾವ್ದು ತನಗ ಬಂದ್ರೂ ಸಂಕಟ ಆಗಬಾರ್ದು, ಹಂಗ ಹಾಕ್ತಾನ. ನೀವೂ ಹಂಗ ಮಾಡ್ರಿ."

ಅಲ್ಲಿಂದ ನಿಯಮ ಹೀಗೆ ರೂಪುಗೊಂಡಿತು. ನಾಣ್ಯ ಹಾರಿಸುವುದು ಉಳಿಯುತ್ತದೆ. ಸೋತ ಕ್ಯಾಪ್ಟನ್ ಒಂದು ಸಂಖ್ಯೆ ಹೇಳಬೇಕು. ಆ ಸಂಖ್ಯೆ ಎರಡನೆಯದಾಗಿ ಬ್ಯಾಟ್ ಮಾಡುವವರಿಗೆ ಸಿಗುವ ರನ್. ಅದನ್ನು ಕೇಳಿದ ಮೇಲೆ ಗೆದ್ದ ಕ್ಯಾಪ್ಟನ್ ಮೊದಲು ಆಡುತ್ತೇನೋ ಆಮೇಲೋ ಎಂದು ಆರಿಸಬೇಕು. ಎರಡನೇ ಇನಿಂಗ್ಸ್ ಶುರುವಾಗುವಾಗ ಬೋರ್ಡಿನಲ್ಲಿ ಸೊನ್ನೆಯ ಬದಲು ಆ ಸಂಖ್ಯೆಯೇ ಬರೆದಿರುತ್ತದೆ.

ಟಾಸಿನ ಬಗ್ಗೆ ದೊಡ್ಡ ಕ್ರಿಕೆಟ್‌ನಲ್ಲಿಯೂ ಪ್ರಯೋಗಗಳಾಗಿವೆ. ಇಂಗ್ಲೆಂಡಿನ ಕೌಂಟಿ ಚಾಂಪಿಯನ್‌ಶಿಪ್‌ನಲ್ಲಿ 2016ರಿಂದ ಕೆಲವು ವರ್ಷ, ಅತಿಥಿ ತಂಡ ಬಯಸಿದರೆ ಟಾಸ್ ಇಲ್ಲದೆಯೇ ಮೊದಲು ಬೌಲಿಂಗ್ ತೆಗೆದುಕೊಳ್ಳಬಹುದಿತ್ತು. ಆಸ್ಟ್ರೇಲಿಯಾದ ಬಿಗ್ ಬ್ಯಾಷ್‌ನಲ್ಲಿ ನಾಣ್ಯದ ಬದಲು ಬ್ಯಾಟನ್ನೇ ಮೇಲಕ್ಕೆಸೆದರು, ಅದು ಬರೀ ನೋಟಕ್ಕೆ. ಆದರೆ ಟಾಸ್ ಗೆದ್ದುದರ ಬೆಲೆ ಎಷ್ಟು ಎಂದು ಕ್ಯಾಪ್ಟನ್‌ನ ಬಾಯಿಂದಲೇ ಹೇಳಿಸುವುದು ಬೇರೆಯೇ ವಿಷಯ.

ಮೊದಮೊದಲು ಕ್ಯಾಪ್ಟನ್‌ಗಳು ಅಂಜಿಕೊಂಡು ಚಿಕ್ಕ ಸಂಖ್ಯೆ ಹೇಳಿದರು. ಎರಡು, ಮೂರು. ಎದುರಿನವರು ನಗುತ್ತಾ ಮೊದಲು ಬ್ಯಾಟ್ ಮಾಡಿ ಗೆದ್ದರು. ಸಂಖ್ಯೆ ಏರುತ್ತಾ ಹೋಯಿತು. ಒಬ್ಬ ಕ್ಯಾಪ್ಟನ್ ಸಿಟ್ಟಿಗೆದ್ದು ಹದಿನೈದು ಅಂದ. ಗೆದ್ದವನು ತಕ್ಷಣ ಎರಡನೇ ಬ್ಯಾಟಿಂಗ್ ತೆಗೆದುಕೊಂಡು ಸುಲಭವಾಗಿ ಗುರಿ ಮುಟ್ಟಿದ. ಅದಾದ ಮೇಲೆ ಲೆಕ್ಕ ನಿಧಾನವಾಗಿ ಕೂತಿತು. ಸಂಜೆಯ ಮುಖ್ಯ ಪಂದ್ಯಕ್ಕೆ ಒಂಬತ್ತರ ಆಸುಪಾಸು, ಬೆಳಗಿನ ಪಂದ್ಯಕ್ಕೆ ಸೊನ್ನೆ ಅಥವಾ ಒಂದು. ಸೂರ್ಯನ ಬೆಲೆ ಇಷ್ಟೇ ಎಂದು ಯಾರೂ ತೀರ್ಪು ಕೊಡಲಿಲ್ಲ, ಆಡುವವರೇ ಅಳೆದು ಕಂಡುಕೊಂಡರು.

ಒಂದು ಸಂಜೆ ನೆನಪಿಡುವಂಥದ್ದು. ನಾಣ್ಯ ಸೋತ ಹುಡುಗ ಪಿಚ್ ಹತ್ತಿರ ನಿಂತು ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ಪಶ್ಚಿಮಕ್ಕೆ ನೋಡಿದ. ಅಡ್ಡಮಳೆಯ ಮೋಡ ಗುಡ್ಡದ ಮೇಲೆ ಕಟ್ಟುತ್ತಿತ್ತು. ಮೋಡ ಮುಚ್ಚಿದರೆ ಬಿಸಿಲಿಲ್ಲ, ಮುಚ್ಚದಿದ್ದರೆ ಒಂಬತ್ತೂ ಸಾಲದು. ಗೋಡೆ ಮೇಲೆ ಕೂತಿದ್ದ ಜನ "ಹೇಳೋ ತಮ್ಮಾ, ಎಷ್ಟು?" ಎಂದು ಕೂಗುತ್ತಿದ್ದರು. ಅವನು ನಾಲ್ಕು ಅಂದ. ಎದುರಿನ ಕ್ಯಾಪ್ಟನ್ ತನ್ನ ತಂಡದ ಕಡೆ ನಡೆದು ಹೋಗಿ, ಮಾತಾಡಿ, ಮತ್ತೆ ಆಕಾಶ ನೋಡಿ, ಮೊದಲು ಬ್ಯಾಟಿಂಗ್ ತೆಗೆದುಕೊಂಡ. ಅಷ್ಟು ಹೊತ್ತು ಜನ ಉಸಿರು ಬಿಗಿಹಿಡಿದಿದ್ದರು. ಒಂದು ಚೆಂಡೂ ಬೀಳುವ ಮೊದಲೇ ಇಷ್ಟು ಆಟ ನಡೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಂದುಗಳೂ ಕಂಡವು. ಒಬ್ಬ ಕ್ಯಾಪ್ಟನ್ ಮೋಡ ಬರಲಿ ಎಂದು ಶೂ ಲೇಸ್ ಕಟ್ಟುತ್ತಾ ಹತ್ತು ನಿಮಿಷ ಕಳೆದ. ಎರಡು ನಿಮಿಷದೊಳಗೆ ಸಂಖ್ಯೆ ಹೇಳದಿದ್ದರೆ ಸೊನ್ನೆ ಎಂದು ಸೇರಿಸಿದೆವು. ಲೀಗ್ ಪಟ್ಟಿಯಲ್ಲಿ ಅಂಕ ಸಮನಾದ ತಂಡಗಳನ್ನು ಬೇರ್ಪಡಿಸುವ ನೆಟ್ ರನ್ ರೇಟ್ ಲೆಕ್ಕಕ್ಕೆ ಈ ರನ್ ಸೇರಬೇಕೇ ಎಂಬ ಪ್ರಶ್ನೆ ಬಂತು. ಸೋಲು ಗೆಲುವಿಗೆ ಮಾತ್ರ, ರೇಟಿಗೆ ಬೇಡ ಎಂದು ತೀರ್ಮಾನವಾಯಿತು. ಆಮೇಲೆ ಟಾಸಿನ ವಿಷಯಕ್ಕೆ ಜಗಳ ಆಗಲಿಲ್ಲ. ಒಂಬತ್ತು ರನ್ ಎಂದು ಕಮಿಟಿಯೇ ಬರೆದಿಟ್ಟಿದ್ದರೆ ದಿನಾ ಜಗಳವಾಗುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹನ್ನೆರಡು ರನ್ನಿನ ಗೋಡೆ

ಬಹುಮಾನದ ದೊಡ್ಡ ಪಾಲು ಕೊಡುತ್ತಿದ್ದ ಪ್ರಾಯೋಜಕರಿಗೆ ಇವೆಲ್ಲ ಲೆಕ್ಕಾಚಾರ ಅನ್ನಿಸಿತು. ಅವರಿಗೆ ಬೇಕಿದ್ದದ್ದು ಸಿಕ್ಸರ್. ಪೂರ್ವದ ಗೋಡೆಯ ನಡುಭಾಗದಲ್ಲಿ ಎರಡು ಬಿಳಿ ಕಂಬ ನೆಟ್ಟು, ಅದರ ನಡುವೆ ದಾಟಿಸಿದರೆ ಹನ್ನೆರಡು ರನ್ ಎಂದರು. ಇದೂ ಹೊಸದೇನಲ್ಲ. ನ್ಯೂಜಿಲೆಂಡಿನ ಮಾರ್ಟಿನ್ ಕ್ರೋ 1990ರ ದಶಕದಲ್ಲಿ ಕ್ರಿಕೆಟ್ ಮ್ಯಾಕ್ಸ್ ಎಂಬ ಚುಟುಕು ಆಟ ಕಟ್ಟಿದಾಗ ಅದರಲ್ಲಿ ನೇರಕ್ಕೆ ಒಂದು ವಲಯವಿತ್ತು; ಅಲ್ಲಿ ಹೊಡೆದರೆ ರನ್ ಎರಡರಷ್ಟು. ಟಿ20 ಹುಟ್ಟುವ ಎಷ್ಟೋ ಮೊದಲಿನ ಮಾತದು. ಅದರ ವೇಗವನ್ನು ಲೋಕ ಒಪ್ಪಿಕೊಂಡಿತು, ವಲಯವನ್ನು ಬಿಟ್ಟುಬಿಟ್ಟಿತು.

ಯಾಕೆ ಬಿಟ್ಟಿತು ಎಂಬುದು ನಮ್ಮ ಮೈದಾನದಲ್ಲಿ ಎರಡೇ ದಿನದಲ್ಲಿ ಗೊತ್ತಾಯಿತು. ಬೌಲರ್‌ಗಳು ನೇರಕ್ಕೆ ಹೊಡೆಯಲು ಬರುವಂಥ ಚೆಂಡನ್ನೇ ಹಾಕುವುದು ನಿಲ್ಲಿಸಿದರು. ಆಫ್ ಸ್ಟಂಪಿನಾಚೆ, ವೈಡಿನ ಗೆರೆಗೆ ತಾಗುವಂತೆ, ಮೊಟಕಾಗಿ. ಕಂಬಗಳ ನಡುವೆ ಇಬ್ಬರು ಫೀಲ್ಡರ್ ಖಾಯಂ. ಹೆಚ್ಚು ಸಿಕ್ಸರ್ ಬರಲಿ ಎಂದು ಮಾಡಿದ ನಿಯಮದಿಂದ ಇದ್ದ ಸಿಕ್ಸರೂ ಕಡಿಮೆಯಾದವು.

ಅದಕ್ಕೆ ಪೂರ್ಣವಿರಾಮ ಹಾಕಿದ್ದು ಮಾತ್ರ ಒಬ್ಬ ತಾಯಿ. ಪೂರ್ವದ ಗೋಡೆಯಾಚೆ ಮಾಳಿಗೆ ಮನೆಗಳು. ಮೇ ತಿಂಗಳೆಂದರೆ ಮಾಳಿಗೆ ಮೇಲೆಲ್ಲ ಸೀರೆ ಹಾಸಿ ಸಂಡಿಗೆ, ಹಪ್ಪಳ ಒಣಗಲು ಇಟ್ಟಿರುತ್ತಾರೆ. ಒಂದು ಹನ್ನೆರಡು ಹೋಗಿ ಹಸಿ ಸಂಡಿಗೆಯ ನಡುವೆ ಬಿತ್ತು. ಚೆಂಡು ತರಲು ಹತ್ತಿದ ಹುಡುಗರು ಉಳಿದದ್ದನ್ನೂ ತುಳಿದರು. ಆಕೆ ಸೀರೆಯ ಸೆರಗು ಸಿಕ್ಕಿಸಿಕೊಂಡು ನೇರ ಪಿಚ್‌ವರೆಗೆ ನಡೆದು ಬಂದರು. "ಏನಪಾ, ಗ್ವಾಡಿ ಆಚಿಗೆ ಹೊಡದ್ರ ನಿಮಗ ಬಹುಮಾನ, ನಮಗ?" ಉತ್ತರ ಯಾರ ಬಳಿಯೂ ಇರಲಿಲ್ಲ. ಕಂಬಗಳನ್ನು ಆ ಸಂಜೆಯೇ ಕಿತ್ತರು. ಓಣಿಯ ಹುಡುಗರು ಆಡುವಾಗ ಮನೆ ಮೇಲೆ ಹೋದರೆ ಔಟ್ ಎನ್ನುತ್ತಾರಲ್ಲ, ಆ ನಿಯಮದ ಹಿಂದೆ ನೆರೆಹೊರೆಯ ಬದುಕಿನ ಅರಿವಿದೆ. ಹೊಸ ನಿಯಮ ಕಟ್ಟುವವರು ಗೋಡೆಯಾಚೆ ಇರುವವರನ್ನೂ ಸಭೆಗೆ ಕರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಬ್ಬರಿಗೆ ಒಂದೇ ಓವರ್

ಹೊರಗಿನ ಆಟಗಾರರ ಪ್ರಶ್ನೆ ಉಳಿದಿತ್ತು. ಪೂರ್ತಿ ನಿಷೇಧ ಎಂದರೆ ಆಧಾರ್ ಕಾರ್ಡ್ ಜಗಳ: ಅಜ್ಜಿಯ ಊರು ಇದೇ, ಹೆಂಡತಿಯ ಊರು ಇದೇ ಎನ್ನುವ ವಾದ. ಒಳಾಂಗಣ ಕ್ರಿಕೆಟ್‌ನಲ್ಲಿರುವಂತೆ ಜೋಡಿ ಜೋಡಿಯಾಗಿ ಆಡಿಸೋಣ, ಔಟಾದರೆ ಐದು ರನ್ ಕಳೆಯೋಣ, ಜೋಡಿ ತನ್ನ ಓವರ್ ಮುಗಿಸಿಯೇ ಬರಲಿ ಎಂದು ಒಬ್ಬ ಕ್ಯಾಪ್ಟನ್ ಹೇಳಿದ. ಎಲ್ಲರಿಗೂ ಬ್ಯಾಟಿಂಗ್ ಸಿಗುತ್ತದೆ, ನಿಜ. ಎರಡು ಪಂದ್ಯ ಆಡಿಸಿ ನೋಡಿದೆವು. ಸ್ಟಂಪು ಹಾರಿದ ಮೇಲೂ ಬ್ಯಾಟ್ಸ್‌ಮನ್ ಅಲ್ಲೇ ನಿಂತಿರುವುದನ್ನು ಜನ ಒಪ್ಪಲಿಲ್ಲ. ಬೌಲರ್‌ಗಳಂತೂ ಮೊದಲೇ ಒಪ್ಪಲಿಲ್ಲ.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಸಪ್ಪೆಯಾಗಿ ಕಂಡ ಸಲಹೆ. ಎಂಟು ಓವರ್, ಎಂಟು ಬೌಲರ್. ಯಾರೇ ಆಗಲಿ ಒಂದೇ ಓವರ್. ಜೊತೆಗೆ 25 ರನ್ ಆದ ಬ್ಯಾಟ್ಸ್‌ಮನ್ ಹೊರಗೆ ಬರಬೇಕು, ಉಳಿದವರೆಲ್ಲ ಔಟಾದರೆ ಮಾತ್ರ ಮತ್ತೆ ಹೋಗಬಹುದು. ಮೈಕಿನಲ್ಲಿ ಹೇಳಿದಾಗ ಒಂದು ಚಪ್ಪಾಳೆಯೂ ಬೀಳಲಿಲ್ಲ.

ಬೌಲರ್‌ನ ಓವರ್‌ಗೆ ಮಿತಿ ಹಾಕುವುದು ಸೀಮಿತ ಓವರ್ ಕ್ರಿಕೆಟ್‌ನಷ್ಟೇ ಹಳೆಯದು. 1963ರಲ್ಲಿ ಇಂಗ್ಲೆಂಡಿನಲ್ಲಿ ಜಿಲೆಟ್ ಕಪ್ ಶುರುವಾದಾಗ ಇನಿಂಗ್ಸ್‌ಗೆ 65 ಓವರ್, ಬೌಲರ್‌ಗೆ 15. ಈಗ ಏಕದಿನದಲ್ಲಿ 10, ಟಿ20ಯಲ್ಲಿ 4. ಅಂದರೆ ಕನಿಷ್ಠ ಐವರು ಬೌಲರ್ ಬೇಕು. ಆ ಐದನೆಯವನ ಹುಡುಕಾಟದಿಂದಲೇ ಆಲ್‌ರೌಂಡರ್‌ಗೆ ಅಷ್ಟು ಬೆಲೆ ಬಂದದ್ದು. ಆ ಅಗತ್ಯ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ, ಪಂದ್ಯದ ನಡುವೆ ಒಬ್ಬ ಆಟಗಾರನನ್ನು ಬದಲಿಸಲು ಬಿಡುವ, ಐಪಿಎಲ್‌ನಲ್ಲಿ 2023ರಿಂದ ಬಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಸಾಕ್ಷಿ. ಬೌಲರ್‌ನ ಜಾಗಕ್ಕೆ ಬ್ಯಾಟ್ಸ್‌ಮನ್ ಬರಬಹುದಾದಾಗ ಅರೆಬರೆ ಬೌಲಿಂಗ್ ಮಾಡುವವನ ಅಗತ್ಯ ಉಳಿಯುವುದಿಲ್ಲ. ಆಲ್‌ರೌಂಡರ್‌ಗಳ ಬೆಳವಣಿಗೆಗೆ ಇದು ಅಡ್ಡಿ ಎಂದು ರೋಹಿತ್ ಶರ್ಮ 2024ರಲ್ಲಿ ಬಹಿರಂಗವಾಗಿಯೇ ಹೇಳಿದರು. ಅದೇ ವರ್ಷ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯಿಂದ ಆ ನಿಯಮವನ್ನು ತೆಗೆದರು. ನಮ್ಮ ಊರು ಅದರ ಉಲ್ಟಾ ದಿಕ್ಕಿಗೆ, ಅದೂ ತುದಿಯವರೆಗೆ ಹೋಯಿತು.

ಮೊದಲ ದಿನಗಳು ಕೆಟ್ಟದಾಗಿದ್ದವು. ಎಂಟು ಬೌಲರ್ ಯಾವ ತಂಡದಲ್ಲೂ ಇರಲಿಲ್ಲ. ಏಳನೆಯವನು, ಎಂಟನೆಯವನು ಚೆಂಡು ಹಿಡಿದರೆ ವೈಡ್ ಮೇಲೆ ವೈಡ್, ಅಂದರೆ ಬ್ಯಾಟಿಗೆ ನಿಲುಕದ ಎಸೆತ; ಪ್ರತಿಯೊಂದಕ್ಕೂ ಒಂದು ರನ್ ಕೊಟ್ಟು ಮತ್ತೆ ಎಸೆಯಬೇಕು. ಆರು ಎಸೆತದ ಓವರ್ ಹನ್ನೊಂದು, ಹನ್ನೆರಡಕ್ಕೆ ಹೋಗುತ್ತಿತ್ತು. ಸಂಜೆ ಕತ್ತಲಾಗುವ ಭಯ. ಹಾಗಾಗಿ ತಿದ್ದುಪಡಿ: ಒಂದು ಓವರ್‌ನಲ್ಲಿ ಮೂರನೇ ವೈಡ್‌ನಿಂದ ಮುಂದೆ ಮರು ಎಸೆತ ಇಲ್ಲ, ಅದರ ಬದಲು ಎರಡು ರನ್. ಚಿಕ್ಕ ಮಕ್ಕಳ ಕ್ರಿಕೆಟ್‌ನಲ್ಲಿ ಹಲವು ಕಡೆ ಹೀಗೆ ಮಾಡುತ್ತಾರೆ.

ಇಡೀ ಪ್ರಕರಣದ ಮುಖ್ಯ ಘಟ್ಟ ಇಲ್ಲಿ ಬಂತು. ಒಂದು ಕ್ವಾರ್ಟರ್ ಫೈನಲ್. ಕೊನೆಯ ಎರಡು ಎಸೆತಕ್ಕೆ ಒಂಬತ್ತು ರನ್ ಬೇಕು. ಆ ಓವರ್‌ನಲ್ಲಿ ಆಗಲೇ ಎರಡು ವೈಡ್ ಬಿದ್ದಿವೆ. ಫೀಲ್ಡಿಂಗ್ ಕ್ಯಾಪ್ಟನ್ ಬೌಲರ್ ಹತ್ತಿರ ಬಂದು ಕಿವಿಯಲ್ಲಿ ಏನೋ ಹೇಳಿದ. ಮುಂದಿನ ಚೆಂಡು ಕೀಪರ್‌ಗೂ ಸಿಗುವುದೇ ಕಷ್ಟ ಎನ್ನುವಷ್ಟು ದೂರ ಹೋಯಿತು. ವೈಡ್. ಎರಡು ರನ್, ಎಸೆತ ಲೆಕ್ಕಕ್ಕೆ. ಕೊನೆಯ ಚೆಂಡೂ ಹಾಗೆಯೇ. ಒಂಬತ್ತು ಬೇಕಿದ್ದವರಿಗೆ ನಾಲ್ಕು ರನ್ ಕೊಟ್ಟು, ಬ್ಯಾಟಿಗೆ ಒಂದೂ ಚೆಂಡು ತಾಗಗೊಡದೆ ಪಂದ್ಯ ಗೆದ್ದರು.

ಗೋಡೆ ಮೇಲಿದ್ದವರೆಲ್ಲ ಒಳಗೆ ಇಳಿದರು. ಪಂದ್ಯ ರದ್ದು ಮಾಡಿ ಎಂದು ಒಂದು ಕಡೆಯವರು ಮೇಜು ಬಡಿದರು. ಕ್ಯಾಪ್ಟನ್ ಹೆದರದೆ ಹೇಳಿದ: "ರೂಲ್ ಬುಕ್ ನೀವ ಕೊಟ್ಟಿದ್ದಲ್ಲೇನ್ರೀ ಸರ? ಅದರಾಗ ಇಲ್ಲದ್ದು ನಾನೇನು ಮಾಡೇನಿ?"

ಅವನು ಹೇಳಿದ್ದು ನ್ಯಾಯವೇ. ಕಮಿಟಿಯ ಅಧ್ಯಕ್ಷರು ಅಲ್ಲೇ 1981ರ ಫೆಬ್ರವರಿ 1ರ ಕಥೆ ಹೇಳಿದರು. ಮೆಲ್ಬರ್ನ್‌ನಲ್ಲಿ ನ್ಯೂಜಿಲೆಂಡಿಗೆ ಪಂದ್ಯ ಟೈ ಮಾಡಲು ಕೊನೆಯ ಎಸೆತದಲ್ಲಿ ಆರು ಬೇಕಿತ್ತು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್ ತನ್ನ ತಮ್ಮನಾದ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಹೇಳಿದ. ಆಗಿನ ನಿಯಮದಲ್ಲಿ ಅದು ತಪ್ಪಲ್ಲ. ಎರಡೂ ದೇಶಗಳ ಪ್ರಧಾನಿಗಳು ಖಂಡಿಸಿದರು, ಆದರೂ ಫಲಿತಾಂಶ ಬದಲಾಗಲಿಲ್ಲ, ನಿಯಮ ಬದಲಾಯಿತು. ನಾವೂ ಅದನ್ನೇ ಮಾಡೋಣ ಎಂದರು. ಗೆಲುವು ಗೆಲುವಾಗಿಯೇ ಉಳಿಯಿತು. ಮರುದಿನದಿಂದ ಕೊನೆಯ ಓವರ್‌ನಲ್ಲಿ ಪ್ರತಿ ವೈಡ್‌ಗೂ ಮರು ಎಸೆತ ಎಂದು ಬರೆದರು. ಆ ತಿದ್ದುಪಡಿಯ ವಾಕ್ಯವನ್ನು ಅದೇ ಕ್ಯಾಪ್ಟನ್‌ನಿಂದಲೇ ಓದಿಸಿ, ಇದರಲ್ಲಿ ಇನ್ನೇನು ಸಂದು ಇದೆ ಹೇಳು ಎಂದು ಕೇಳಿದರು. ಅವನು ಯೋಚಿಸಿ ನೋಬಾಲನ್ನೂ ಸೇರಿಸಿ ಎಂದ. ನನ್ನ ದೃಷ್ಟಿಯಲ್ಲಿ ಎರಡು ಬೇಸಿಗೆಯ ಅತ್ಯುತ್ತಮ ನಿರ್ಧಾರ ಅದು. ಮೋಸ ಎಂದು ಅವನನ್ನು ಹೊರಹಾಕಿದ್ದರೆ ನಿಯಮಕ್ಕೂ ನಮಗೂ ಒಬ್ಬ ಒಳ್ಳೆಯ ಪರೀಕ್ಷಕ ಕಳೆದುಹೋಗುತ್ತಿದ್ದ.

ಏನಾಯಿತು

ಎರಡನೇ ಬೇಸಿಗೆಗೆ ವ್ಯತ್ಯಾಸ ಕಂಡದ್ದು ಮೈದಾನದಲ್ಲಲ್ಲ, ಮೈದಾನದ ಹೊರಗೆ. ಫೆಬ್ರವರಿಯಲ್ಲೇ ಓಣಿಗಳಲ್ಲಿ ಗೋಡೆಗೆ ಇದ್ದಿಲಿನಿಂದ ಸ್ಟಂಪು ಬರೆದುಕೊಂಡು ಹುಡುಗರು ಬೌಲಿಂಗ್ ಮಾಡತೊಡಗಿದರು. ದುಡ್ಡು ಕೊಟ್ಟು ತಂದವನು ಆರೇ ಚೆಂಡು ಹಾಕುವುದಾದರೆ ತರುವುದೇಕೆ ಎಂದು ತಂಡಗಳು ತಾವಾಗಿಯೇ ಲೆಕ್ಕ ಹಾಕಿದವು. ಯಾರನ್ನೂ ನಿಷೇಧಿಸದೆಯೇ ಹೊರಗಿನವರು ಕಡಿಮೆಯಾದರು. ಹಿಂದೆ ಹೆಸರು ಕೊಡದೆ ಕೂತಿದ್ದ ಓಣಿಯ ತಂಡ ಮರಳಿ ಬಂತು. ಪಿಯುಸಿ ಓದುವ ಒಬ್ಬ ಸಣಕಲ ಹುಡುಗ, ಮೊದಲೆಲ್ಲ ನೀರಿನ ಬಾಟಲಿ ಹಿಡಿಯುತ್ತಿದ್ದವನು, ನಿಧಾನವಾಗಿ ಮೇಲಕ್ಕೆ ತೇಲಿಸುವ ಚೆಂಡಿನಿಂದ ಹೆಸರು ಮಾಡಿದ. ಒಂದು ಓವರ್ ಅಷ್ಟೇ ಎಂಬುದು ಅವನಂಥವನಿಗೆ ಧೈರ್ಯ. ಹೊಡೆತ ತಿಂದರೂ ಆರೇ ಚೆಂಡು.

ನಷ್ಟವೂ ಆಯಿತು. ಪ್ರಾಯೋಜಕರು ಹಿಂದೆ ಸರಿದರು, ಬಹುಮಾನದ ಹಣ ಇಳಿಯಿತು. ಮೊದಲ ವಾರ ಜನ ಕಡಿಮೆ ಬಂದರು. ಹೊರಗಿನಿಂದ ಬರುತ್ತಿದ್ದ ಆಟಗಾರರಲ್ಲಿ ಒಬ್ಬ ಉಳಿದ ತಿಂಗಳು ಎಪಿಎಂಸಿಯಲ್ಲಿ ಹಮಾಲಿ ಮಾಡುವವನು. ಬೇಸಿಗೆಯ ಟೂರ್ನಿಗಳೇ ಅವನ ಮನೆಗೆ ಆಸರೆ. "ನಮ್ಮ ಹೊಟ್ಟಿ ಮ್ಯಾಲ ಹೊಡದ್ರಿ ನೋಡ್ರಿ" ಎಂದು ಒಮ್ಮೆ ನನ್ನ ಮೇಜಿನ ಹತ್ತಿರ ಬಂದು ಹೇಳಿ ಹೋದ. ಈಗ ಅವನು ಹೊಳೆಯಾಚೆಯ ಟೂರ್ನಿಗಳಿಗೆ ಹೋಗುತ್ತಾನೆ. ಎಂಟು ಹುಡುಗರಿಗೆ ಆಟ ಕೊಟ್ಟ ನಿಯಮ ಅವನ ದುಡಿಮೆ ಕಸಿದದ್ದು ಸತ್ಯ, ಅದನ್ನು ಬರೆಯದೆ ಬಿಟ್ಟರೆ ಈ ದಾಖಲೆ ಅರ್ಧವಾಗುತ್ತದೆ.

25 ರನ್ ನಿಯಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಯಾವ ತೊಂದರೆಯೂ ಕೊಡದೆ ನಡೆಯಿತು. ಟೈ ಆದರೆ ಸೂಪರ್ ಓವರ್ (ಎರಡೂ ತಂಡಕ್ಕೆ ಮತ್ತೊಂದೊಂದು ಓವರ್), ಅದೂ ಟೈ ಆದರೆ ಇನ್ನೊಂದು. ಲಾರ್ಡ್ಸ್‌ನಲ್ಲಿ 2019ರ ವಿಶ್ವಕಪ್ ಫೈನಲ್ ಬೌಂಡರಿ ಎಣಿಕೆಯಲ್ಲಿ ತೀರ್ಮಾನವಾದದ್ದನ್ನು ನೋಡಿದ ಯಾರೂ ಬೇರೆ ದಾರಿ ಕೇಳಲಿಲ್ಲ.

ಬೇರೆಯವರಿಗೆ ಇದರಿಂದ ಏನು

ಉಳಿದ ಎರಡು ಮುಖ್ಯ ನಿಯಮಗಳಿಗೂ ಬಿದ್ದವುಗಳಲ್ಲಿ ಎರಡಕ್ಕೂ ಇರುವ ವ್ಯತ್ಯಾಸವನ್ನು ನಾನು ಹೀಗೆ ನೋಡುತ್ತೇನೆ. ಹನ್ನೆರಡು ರನ್ನಿನ ಗೋಡೆ, ಒಂದೇ ತುದಿಯ ಬೌಲಿಂಗ್ ಎರಡೂ ಚೆಂಡು ಹೇಗೆ ಓಡಬೇಕೆಂದು ಹೇಳಲು ಹೋದವು. ಸಂಖ್ಯೆ ಹೇಳುವ ಟಾಸ್ ಮತ್ತು ಒಂದೇ ಓವರ್, ಕ್ಯಾಪ್ಟನ್ ಏನು ಯೋಚಿಸಬೇಕು, ಯಾರನ್ನು ತಂಡಕ್ಕೆ ತೆಗೆದುಕೊಳ್ಳಬೇಕು ಎಂಬಲ್ಲಿ ಕೈ ಹಾಕಿದವು. ಆಟ ಬದಲಾಗುವುದು ಅಲ್ಲಿಂದ.

ದೊಡ್ಡ ಕ್ರಿಕೆಟ್ ಕೂಡ ಸಂಖ್ಯೆಯ ಟಾಸನ್ನು ಪರೀಕ್ಷಿಸಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಮಗೆ ಸೂರ್ಯನಿದ್ದಂತೆ ಅವರಿಗೆ ಇಬ್ಬನಿ: ರಾತ್ರಿ ಚೆಂಡು ಒದ್ದೆಯಾಗಿ ಎರಡನೆಯದಾಗಿ ಬೌಲಿಂಗ್ ಮಾಡುವವರ ಕೈಯಿಂದ ಜಾರುತ್ತದೆ. 2021ರ ಟಿ20 ವಿಶ್ವಕಪ್‌ನಲ್ಲಿ ದುಬೈನ ಪಂದ್ಯಗಳನ್ನು ಬಹುತೇಕ ಬೆನ್ನಟ್ಟಿದವರೇ ಗೆದ್ದರು, ಫೈನಲ್ ಸಹಿತ. ಇಬ್ಬನಿಗೆ ಒದ್ದೆಯಾದ ಚೆಂಡನ್ನು ರಾತ್ರಿ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ ಹತ್ತನೇ ಓವರ್ ನಂತರ ಬದಲಿಸಿಕೊಳ್ಳಲು ಐಪಿಎಲ್ 2025ರಲ್ಲಿ ಅವಕಾಶ ಕೊಟ್ಟಿತು. ಅದು ಒಳ್ಳೆಯದೇ, ಆದರೆ ಇಬ್ಬನಿಯ ಬೆಲೆ ಎಷ್ಟೆಂದು ಮೇಲಿನವರು ಊಹಿಸಿದ್ದು. ಅಲ್ಲಿ ಮೊದಲು ಬ್ಯಾಟ್ ಮಾಡುವವರಿಗೆ ಎಷ್ಟು ರನ್ ಎಂದು ಸೋತ ಕ್ಯಾಪ್ಟನ್ ಹೇಳಲಿ, ಗೆದ್ದವನು ಆರಿಸಲಿ. ಚೆನ್ನೈಗೊಂದು ಸಂಖ್ಯೆ, ಮೊಹಾಲಿಗೊಂದು ಸಂಖ್ಯೆ ತಾನಾಗಿ ಹೊರಬರುತ್ತದೆ.

ನಮ್ಮ ಕಮಿಟಿಯ ಮುಂದೆ ಈಗಿರುವ ವಿಷಯ ಬೇರೆ. ಹನ್ನೊಂದು ಜನರ ಪಟ್ಟಿ ಕೊಡುವುದು ಸಂಖ್ಯೆ ಹೇಳುವ ಮೊದಲೋ ಆಮೇಲೋ? ಮೊದಲೇ ಕೊಟ್ಟರೆ ಮೋಡ ಕವಿದ ದಿನ ತಪ್ಪು ಬೌಲರ್‌ಗಳ ಜೊತೆ ಸಿಕ್ಕಿಬೀಳುತ್ತೇವೆ ಎಂದು ಕ್ಯಾಪ್ಟನ್‌ಗಳ ದೂರು. 2005ರಲ್ಲಿ ಐಸಿಸಿ ತಂದ ಸೂಪರ್ ಸಬ್ ನಿಯಮ ಇದೇ ಕಲ್ಲಿಗೆ ಎಡವಿತ್ತು. ಬದಲಿ ಆಟಗಾರನ ಹೆಸರನ್ನು ಟಾಸಿಗೆ ಮೊದಲೇ ಕೊಡಬೇಕಾಗಿದ್ದರಿಂದ ಟಾಸ್ ಗೆದ್ದವರಿಗೇ ಅದರ ಲಾಭ ಹೋಯಿತು, ವರ್ಷ ತುಂಬುವ ಮೊದಲೇ ಕೈಬಿಟ್ಟರು. ಈ ಬೇಸಿಗೆಯ ಮೊದಲ ಸುತ್ತಿನಲ್ಲಿ ಪಟ್ಟಿಯನ್ನು ಸಂಖ್ಯೆಯ ನಂತರ ತೆಗೆದುಕೊಳ್ಳುವುದು, ಎಂಟು ಬೌಲರ್‌ಗಳ ಹೆಸರಿಗೆ ಎದುರು ಗುರುತು ಹಾಕಿಸುವುದು, ಆ ಸುತ್ತು ಮುಗಿದ ದಿನ ಎಲ್ಲ ಕ್ಯಾಪ್ಟನ್‌ಗಳನ್ನೂ ಮತ್ತೆ ಕೂರಿಸಿ ಕೇಳುವುದು ಎಂದು ನಡಾವಳಿಯಲ್ಲಿ ಬರೆದಾಗಿದೆ. ಪೂರ್ವದ ಗೋಡೆಯಾಚೆಯ ಮನೆಗಳಿಂದ ಇಬ್ಬರನ್ನು ಆ ಸಭೆಗೆ ಕರೆಯಬೇಕೆಂದೂ ಬರೆದಿದೆ.